ಜಗಳ ಬರಹಗಾರರದ್ದು, ಬೆದರಿಕೆ ಯಾರದ್ದು?

(ಕಾಸರಗೋಡಿನಲ್ಲಿ, ಕನ್ನಡದಲ್ಲಿ ಬರೆಯುವ ಗೆಳೆಯರ ಕೂಟವೊಂದರಲ್ಲಿ ವಕೀಲೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಬರೆಯುವವರು ಜಗಳ ಆಡಬಾರದು ಎಂದು ಹೇಳಲು ನಾನು ಬಂದಿಲ್ಲ. ಜಗಳ ಆಡಿ. ಕನ್ನಡ ಶಾಲೆಗಳ ಬಗ್ಗೆ, ಊರಿನ ಹೆಸರುಗಳ ಬಗ್ಗೆ, 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದರ ಬಗ್ಗೆ, ಮಹಾಜನ ವರದಿ ಮೂಲೆಗೆ ಬಿದ್ದದ್ದರ ಬಗ್ಗೆ ನಾವು ವಾದ ಮಾಡದಿದ್ದರೆ ಇನ್ಯಾರು ಮಾಡುತ್ತಾರೆ? ಚಂದ್ರಗಿರಿ ಹೊಳೆಯ ಈಚೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಅವರೂ ಎಲ್ಲದಕ್ಕೂ ತಲೆಯಾಡಿಸುತ್ತಾ ಕೂತರೆ ಓದುವವರಿಗೆ ಏನು ಸಿಕ್ಕೀತು?

ನಾನು ಮಾತಾಡಬೇಕಿರುವುದು ಅದರ ಮುಂದಿನ ಹಂತದ ಬಗ್ಗೆ. ಇಬ್ಬರ ಜಗಳ ಬಿಸಿಯಾಗುತ್ತದೆ. ಎಲ್ಲಿಂದಲೋ ಮೂರನೆಯವನು ಬರುತ್ತಾನೆ. "ನಿನ್ನನ್ನು ನೋಡಿಕೊಳ್ಳುತ್ತೇನೆ" ಎಂದು ಬರೆಯುತ್ತಾನೆ. ಆಗ ಏನು ಮಾಡಬೇಕು? ಬೆದರಿಕೆ ಬಂದವರು ಏನು ಮಾಡಬೇಕು ಎನ್ನುವುದನ್ನು ತುಂಬ ಜನ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಎದುರಾಳಿ ಏನು ಮಾಡಬೇಕು ಎನ್ನುವುದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮುಖ್ಯ ಪ್ರಶ್ನೆ ಅದೇ. ಅದಕ್ಕಾಗಿಯೇ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರಲ್ಲಿರುವವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ.

ಒಬ್ಬರು ಟೀಚರ್. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಒಂದು ದಿನ ತಮ್ಮ ಪುಟದಲ್ಲಿ ಬರೆದರು: ವೇದಿಕೆಯಲ್ಲಿ ಕನ್ನಡಕ್ಕಾಗಿ ಗಂಟಲು ಹರಿದುಕೊಳ್ಳುವವರ ಮಕ್ಕಳು ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಹತ್ತುತ್ತಾರೆ, ನನ್ನ ಒಂದನೇ ಕ್ಲಾಸಿನಲ್ಲಿ ಬೆಂಚು ಖಾಲಿ ಎಂದು. ಯಾರ ಹೆಸರನ್ನೂ ಹಾಕಿರಲಿಲ್ಲ. ಇನ್ನೊಬ್ಬ ಬರಹಗಾರರು, ಇದೇ ಊರಿನವರು, ಈಗ ಮಂಗಳೂರಿನಲ್ಲಿ ಕೆಲಸ, ಅದನ್ನು ತಮಗೇ ಹೇಳಿದ್ದೆಂದು ತಗೊಂಡರು. ಅವರ ಬರಹಕ್ಕೆ ಓದುಗರು ಜಾಸ್ತಿ. ಉದ್ದದ ಉತ್ತರ ಬರೆದರು. ಹೆತ್ತವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ, ಕೇರಳದ 2017ರ ಕಾಯ್ದೆಯಿಂದ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಆಯ್ತು, ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡವೇ ಬಾರದವರು ಬರುತ್ತಾರೆ, ಹಾಗಿರುವಾಗ ಯಾವ ಧೈರ್ಯದ ಮೇಲೆ ಮಗುವನ್ನು ಸೇರಿಸುವುದು ಎಂದು ಕೇಳಿದರು. ಒಳ್ಳೆಯ ಉತ್ತರ ಅದು. ಟೀಚರ್ ಮತ್ತೆ ಬರೆದರು. ಅದೂ ಚೆನ್ನಾಗಿತ್ತು. ಅಲ್ಲಿಯವರೆಗೆ ಓದಿದವರಿಗೆ ಲಾಭವೇ ಆಯಿತು.

ಆಮೇಲೆ ಆ ಬರಹಗಾರರು ಟೀಚರ ಸಂಬಳದ ವಿಷಯ ತೆಗೆದರು. ಟೀಚರ್ ಆ ಬರಹಗಾರರ ಮಂಗಳೂರಿನ ಫ್ಲ್ಯಾಟಿನ ವಿಷಯ ತೆಗೆದರು. ಶಾಲೆ ಎಲ್ಲೋ ಹೋಯಿತು, ಮನುಷ್ಯರು ಉಳಿದರು. ಇಬ್ಬರ ಹಿಂದೆಯೂ ಜನ ಸೇರಿದರು. ಒಂದು ರಾತ್ರಿ ಆ ಬರಹಗಾರರ ಪುಟದಲ್ಲಿ ಮುಖ ಇಲ್ಲದ ಖಾತೆಯಿಂದ ಒಂದು ಕಮೆಂಟು ಬಂತು. "ಟೀಚರಮ್ಮ 4.40ರ ಬಸ್ಸಿನಿಂದ ಇಳಿಯುವುದು ಎಲ್ಲಿ ಅಂತ ಗೊತ್ತುಂಟು. ಅಲ್ಲಿಂದ ಮನೆಗೆ ಅಡಿಕೆ ತೋಟದ ದಾರಿ. ಮಳೆಗಾಲದಲ್ಲಿ ಬೇಗ ಕತ್ತಲಾಗ್ತದೆ." ಅಷ್ಟೇ. ಕೆಳಗೆ ಹದಿನೈದು ಇಪ್ಪತ್ತು ಜನ ನಗುವ ಮುಖ ಒತ್ತಿದ್ದರು.

ಈ ಮೂರು ವಾಕ್ಯವನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಿ. ಕೊಲ್ಲುತ್ತೇನೆ ಎಂದಿಲ್ಲ, ಹೊಡೆಯುತ್ತೇನೆ ಎಂದಿಲ್ಲ. ಒಂದು ಕೆಟ್ಟ ಶಬ್ದವೂ ಇಲ್ಲ. ಟೀಚರ್ ಆ ಜಾಲತಾಣಕ್ಕೆ ರಿಪೋರ್ಟ್ ಮಾಡಿದಾಗ ನಮ್ಮ ನಿಯಮ ಮುರಿದಿಲ್ಲ ಎಂದು ಉತ್ತರ ಬಂತು. ಆದರೆ ಒಂದು ಬಸ್ಸು, ಒಂದು ಹೊತ್ತು, ಒಂದು ದಾರಿ, ಮೂರೂ ಅದರಲ್ಲಿ ಉಂಟು. ಬೈಗುಳ ಬರೆಯುವವನು ಹೆಚ್ಚಿನ ಸಲ ಬೈಗುಳದಲ್ಲೇ ಸುಸ್ತಾಗುತ್ತಾನೆ. ದಾರಿ ಬರೆಯುವವನು ಆ ದಾರಿಯನ್ನು ನೋಡಿದ್ದಾನೆ.

ಯಾವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದು ತುಂಬ ಜನ ಕೇಳುತ್ತಾರೆ. ನಾನು ನೋಡುವುದು ಇವನ್ನು. ಜಾಗ ಅಥವಾ ಹೊತ್ತು ಹೇಳಿದ್ದಾರಾ? ಮನೆಯವರನ್ನು, ಮಕ್ಕಳ ಶಾಲೆಯನ್ನು ಎಳೆದಿದ್ದಾರಾ? ಒಂದು ಕಡೆ ಶುರುವಾದದ್ದು ನಿಮ್ಮ ವಾಟ್ಸ್ಯಾಪಿಗೆ, ಆಮೇಲೆ ಮನೆಯ ಫೋನಿಗೆ ಬಂದಿದೆಯಾ? ಇದರಲ್ಲಿ ಒಂದಕ್ಕೆ ಹೌದು ಎಂದಾದರೆ ಅದು ಸುಮ್ನೆ ಹೇಳಿದ ಮಾತು ಎಂದು ಬಿಡಬೇಡಿ. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಮನೆ ಮುಂದೆಯೇ ಕೊಂದರು. ಅವು ಜಾಲತಾಣದ ಜಗಳದಿಂದ ಆದ ಕೊಲೆಗಳು ಎಂದು ನಾನು ಹೇಳುತ್ತಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರ ಮನೆ ಬಾಗಿಲಿಗೆ ಬಂದೂಕು ಬಂದದ್ದನ್ನು ನಾವು ನೋಡಿದ್ದೇವೆ. "ಬರೀ ಕಮೆಂಟು, ತಲೆಕೆಡಿಸಿಕೊಳ್ಳಬೇಡಿ" ಎಂದು ಇನ್ನೊಬ್ಬರಿಗೆ ಹಗುರವಾಗಿ ಹೇಳುವ ಹಕ್ಕು ನಮಗಿಲ್ಲ.

ಟೀಚರ್ ಮರುದಿನ ಬೆಳಿಗ್ಗೆ ಫೋನ್ ಮಾಡಿದರು. "ಅದಕ್ಕೆ ಸರಿಯಾದ ಉತ್ತರ ಬರೆದಿಟ್ಟಿದ್ದೇನೆ, ಹಾಕಲಾ?" ಎಂದು ಕೇಳಿದರು. ಬೇಡ ಎಂದೆ. ಬೆದರಿಕೆಗೆ ಉತ್ತರ ಬರೆದರೆ ಅದೂ ಜಗಳದ ಇನ್ನೊಂದು ಸುತ್ತು ಆಗಿಬಿಡುತ್ತದೆ. ನಾಳೆ ಪೊಲೀಸರೂ ಕೋರ್ಟೂ ಅದನ್ನು ಇಬ್ಬರ ಕಿತ್ತಾಟ ಎಂದೇ ಓದುತ್ತಾರೆ. ಅಲ್ಲಿಂದ ಮುಂದೆ ಟೀಚರ ಕಡೆಯಿಂದ ಒಂದಕ್ಷರ ಬೇಡ ಎಂದು ತೀರ್ಮಾನ ಮಾಡಿದೆವು.

ಮೊದಲ ಕೆಲಸ, ಇದ್ದದ್ದನ್ನು ಇದ್ದ ಹಾಗೆ ಉಳಿಸಿಕೊಳ್ಳುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕೇಸುಗಳು ಬಿದ್ದುಹೋಗುವುದು ಇಲ್ಲಿಯೇ. ನಮ್ಮವರು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ಅದನ್ನು ಅಂಚು ಕತ್ತರಿಸಿ ಗೆಳೆಯರಿಗೆ ಕಳಿಸುತ್ತಾರೆ, ಕೋಪದಲ್ಲಿ ಆ ಖಾತೆಯನ್ನು ಬ್ಲಾಕ್ ಮಾಡುತ್ತಾರೆ. ಮೂರು ದಿನ ಕಳೆದು ನನ್ನ ಹತ್ತಿರ ಬರುವಾಗ ಕೈಯಲ್ಲಿ ಉಳಿದಿರುವುದು ದಿನಾಂಕ ಇಲ್ಲದ, ಲಿಂಕ್ ಇಲ್ಲದ ಒಂದು ಚಿತ್ರ. ಹಾಗೆ ಮಾಡಬೇಡಿ. ಕತ್ತರಿಸದೆ ಇಡೀ ಪರದೆ ತೆಗೆಯಿರಿ, ದಿನಾಂಕ ಮತ್ತು ಹೊತ್ತು ಕಾಣಬೇಕು. ಆ ಕಮೆಂಟಿನ ಲಿಂಕು, ಆ ಖಾತೆಯ ಪುಟದ ಲಿಂಕು ಎರಡನ್ನೂ ಬರೆದಿಟ್ಟುಕೊಳ್ಳಿ. ಖಾತೆಯ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮೇಲಿನ ಪೋಸ್ಟಿನಿಂದ ಶುರುಮಾಡಿ ಆ ಕಮೆಂಟಿನವರೆಗೆ ಬಂದು, ಅದನ್ನು ಒತ್ತಿ ಖಾತೆಯ ಪುಟಕ್ಕೆ ಹೋಗುವುದನ್ನೆಲ್ಲ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ನಂಬಿಕೆಯ ಇನ್ನೊಬ್ಬರಿಗೆ ಅವರ ಫೋನಿನಲ್ಲಿ ಅದನ್ನೇ ತೆರೆದು ನೋಡಲು ಹೇಳಿ, ನಾಳೆ ಸಾಕ್ಷಿ ಹೇಳಬಹುದು. ವಾಟ್ಸ್ಯಾಪಿನಲ್ಲಿ ಬಂದಿದ್ದರೆ ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಕಳಿಸಿದವನು ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು, ಹಾಗಾಗಿ ನಾಳೆ ಮಾಡುತ್ತೇನೆ ಎಂದು ಕೂರಬೇಡಿ. ಬ್ಲಾಕ್ ಮಾಡುವುದೇನಿದ್ದರೂ ಇದೆಲ್ಲ ಮುಗಿದ ಮೇಲೆ.

ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಹಿಂದೆ ಅದನ್ನು 65ಬಿ ಸರ್ಟಿಫಿಕೇಟ್ ಎನ್ನುತ್ತಿದ್ದೆವು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಈ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದರ ಒಂದು ಭಾಗಕ್ಕೆ ಸಹಿ ಹಾಕುವವರು ನೀವೇ. ಯಾವ ಫೋನಿನಿಂದ, ಹೇಗೆ ತೆಗೆದಿರಿ ಎಂದು ನೀವೇ ಹೇಳಬೇಕು. ಅಷ್ಟು ನೆನಪಿಟ್ಟುಕೊಳ್ಳಿ, ಉಳಿದದ್ದು ವಕೀಲರ ಕೆಲಸ.

ಎರಡನೆಯದು, ಊರಿನಲ್ಲಿ ಹೇಳುವುದು. ಟೀಚರಿಗೆ ನಾಚಿಕೆ ಆಗಿತ್ತು. ಮನೆಯಲ್ಲಿ ಹೇಳಿದರೆ "ಬರೆಯುವುದೇ ಬೇಡ" ಅನ್ನುತ್ತಾರೆ ಎಂಬ ಹೆದರಿಕೆಯೂ ಇತ್ತು. ಆದರೂ ಹೇಳಿದರು. ಗಂಡನಿಗೆ, ಹೆಡ್ಮಾಷ್ಟ್ರಿಗೆ, ವಾರ್ಡ್ ಮೆಂಬರಿಗೆ, ಬಸ್ಸಿನ ಕಂಡಕ್ಟರನಿಗೆ, ಬಸ್ ಸ್ಟಾಪಿನ ಎದುರಿನ ಗೂಡಂಗಡಿಯವರಿಗೆ. ಕಂಡಕ್ಟರ್ ಹೇಳಿದ್ದು ಇಷ್ಟೇ: "ಟೀಚರೇ, ನೀವು ಇಳಿದು ಆಚೆ ಹೋಗುವವರೆಗೆ ಬಸ್ಸು ಹೊರಡುವುದಿಲ್ಲ." ಅಂಗಡಿಯವರ ಮಗ ತೋಟ ದಾಟುವವರೆಗೆ ಜೊತೆಗೆ ಹೋಗುತ್ತಿದ್ದ. ಇದು ಯಾವ ಕಾಯ್ದೆಯಲ್ಲೂ ಇಲ್ಲ. ಆದರೆ ಆ ವಾರ ಟೀಚರ್ ಶಾಲೆಗೆ ಹೋಗಿ ಬಂದದ್ದು ಇದರಿಂದ. ಸಣ್ಣ ಊರಿನಲ್ಲಿ ಬೆದರಿಸುವವನಿಗೆ ನಿಮ್ಮ ದಾರಿ ಸುಲಭವಾಗಿ ಗೊತ್ತಾಗುತ್ತದೆ, ಹೌದು. ಅದೇ ದಾರಿಯಲ್ಲಿ ನಿಮ್ಮನ್ನು ಬಲ್ಲವರೂ ಇದ್ದಾರಲ್ವಾ? ಅವರಿಗೆ ಹೇಳದಿದ್ದರೆ ಅವರು ಏನೂ ಮಾಡಲಾರರು.

ಇನ್ನು ಪೊಲೀಸ್ ದೂರು. ತಕ್ಷಣದ ಅಪಾಯ ಇದ್ದರೆ 112. ಉಳಿದಂತೆ ನಿಮ್ಮ ಠಾಣೆಗೆ ಹೋಗಬಹುದು, ಸೈಬರ್ ಠಾಣೆಗೆ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದಾಖಲಿಸಬಹುದು. 1930 ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಉಂಟು, ಆದರೆ ಅದು ಮುಖ್ಯವಾಗಿ ಹಣ ಕಳೆದುಕೊಂಡವರಿಗೆ.

"ಬರೆದವನು ಮಂಗಳೂರಿನಲ್ಲಿದ್ದಾನೆ, ಅದು ಕರ್ನಾಟಕ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಹೇಳಿ ಕಳಿಸಿದರು ಎಂಬ ದೂರನ್ನು ನಾನು ಈ ಗಡಿಯಲ್ಲಿ ಬಹಳ ಕೇಳಿದ್ದೇನೆ. ತಲಪಾಡಿ ದಾಟಿದರೆ ರಾಜ್ಯ ಬೇರೆ. ಬೆಳಿಗ್ಗೆ ಕೆಲಸಕ್ಕೆ ಆಚೆ, ರಾತ್ರಿ ಮಲಗಲು ಈಚೆ, ನಮ್ಮಲ್ಲಿ ಅರ್ಧ ಜನರ ಬದುಕು ಹೀಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ನೋಡಿ. ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧವಾದರೆ, ಅದು ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲೂ ಕೊಡಬಹುದು. ಜನ ಇದನ್ನು ಝೀರೋ ಎಫ್ಐಆರ್ ಎನ್ನುತ್ತಾರೆ. ಆನ್‌ಲೈನಿನಲ್ಲಿ ಕೊಟ್ಟರೂ ಆಗುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ತೆಗೆದುಕೊಳ್ಳದಿದ್ದರೆ ಅದೇ ಸೆಕ್ಷನ್ನಿನಲ್ಲಿ ದಾರಿ ಉಂಟು: ಎಸ್ಪಿಗೆ ಬರೆದು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ.

ಇನ್ನೊಂದು ತೊಡಕು ಉಂಟು. ಬರಿ ಬೆದರಿಕೆ ಎಂದು ಮಾತ್ರ ದೂರು ಬರೆದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಗೆ ಇಳಿಯುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಬೆದರಿಕೆಗೆ ಸಂಬಂಧಿಸಿದ್ದು. ಕೊಲ್ಲುವ ಬೆದರಿಕೆಗೆ ಏಳು ವರ್ಷದವರೆಗೆ ಶಿಕ್ಷೆ ಉಂಟು, ಹೆಸರು ಮುಚ್ಚಿಟ್ಟು ಬೆದರಿಸಿದರೆ ಅದಕ್ಕೆ ಮೇಲಿಂದ ಎರಡು ವರ್ಷದವರೆಗೆ. ಶಿಕ್ಷೆ ಅಷ್ಟಿದ್ದರೂ ಅದು ನೇರವಾಗಿ ಎಫ್ಐಆರ್ ಹಾಕುವ ಪಟ್ಟಿಯಲ್ಲಿಲ್ಲ. ಹಾಗಾಗಿ ಆದದ್ದನ್ನೆಲ್ಲ ಪೂರ್ತಿ ಬರೆಯಿರಿ. ಹೆಂಗಸೊಬ್ಬಳು ಆನ್‌ಲೈನಿನಲ್ಲಿ ಎಲ್ಲಿ ಏನು ಮಾಡುತ್ತಾಳೆ ಎಂದು ಹಿಂಬಾಲಿಸಿದ್ದರೆ 78ನೇ ಸೆಕ್ಷನ್, ಅವಳ ಮಾನಕ್ಕೆ ಕುಂದು ತರುವ ಮಾತು ಆಡಿದ್ದರೆ 79. ನಿಮ್ಮ ಹೆಸರಲ್ಲಿ ನಕಲಿ ಖಾತೆ ತೆರೆದು ಮೋಸ ಮಾಡಿದ್ದರೆ ಐಟಿ ಕಾಯ್ದೆಯ 66ಸಿ, 66ಡಿ. ಇವುಗಳಲ್ಲಿ ಪೊಲೀಸರು ನೇರವಾಗಿ ಕೇಸು ಹಾಕಬಹುದು. ಅಂಥದ್ದು ಒಂದು ಸೇರಿದರೂ ಇಡೀ ಪ್ರಕರಣವನ್ನು ಹಾಗೆಯೇ ನಡೆಸಬೇಕು ಎಂದು ಕಾನೂನು ಹೇಳುತ್ತದೆ. ಇಲ್ಲದ್ದನ್ನು ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಇದ್ದದ್ದನ್ನು ನಾಚಿಕೆಯಿಂದ ಬಿಡಬೇಡಿ ಎಂದು ಹೇಳುತ್ತಿದ್ದೇನೆ.

ಭಾಷೆಯ ಮಾತೂ ಇಲ್ಲೇ ಬಂತು. ಕನ್ನಡದಲ್ಲಿ ದೂರು ಕೊಡಬಹುದಾ? ಕೊಡಬಹುದು. ಸಂವಿಧಾನದ 350ನೇ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರ ವ್ಯವಹಾರ ಮಾಡಲು ಅವಕಾಶ ಉಂಟು. ಆ ಹಕ್ಕನ್ನು ಬಿಡಬೇಡಿ. ಆದರೆ ಕಮೆಂಟು ತುಳುವಿನಲ್ಲೋ ಹವ್ಯಕ ಭಾಷೆಯಲ್ಲೋ ಇದ್ದು, ಓದುವ ಅಧಿಕಾರಿ ಕಣ್ಣೂರಿನ ಆಚೆಯವರಾದರೆ, ಆ ಮಾತಿನ ಬಿಸಿ ಅವರಿಗೆ ತಟ್ಟುವುದಿಲ್ಲ. ಮೂಲವನ್ನು ಹಾಗೆಯೇ ಇಟ್ಟು, ಜೊತೆಗೆ ಮಲಯಾಳಂ ಅನುವಾದ ಕೊಡಿ. ಟೀಚರ ದೂರಿನಲ್ಲಿ ನಾವು ಒಂದು ವಿವರಣೆಯನ್ನೂ ಸೇರಿಸಿದೆವು: 4.40ರ ಬಸ್ಸು ಯಾವುದು, ತೋಟದ ದಾರಿ ಎಷ್ಟು ಉದ್ದ, ದಾರಿದೀಪ ಎಲ್ಲಿಂದ ಎಲ್ಲಿಯವರೆಗೆ ಇಲ್ಲ. ಅದನ್ನು ಓದಿದ ಮೇಲೆಯೇ ಠಾಣೆಯಲ್ಲಿ ಆ ಕಮೆಂಟನ್ನು ಬೆದರಿಕೆ ಎಂದು ನೋಡಿದ್ದು.

ತಡ ಮಾಡಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಹೇಳುತ್ತೇನೆ. ಜಾಲತಾಣಗಳು ತೆಗೆದುಹಾಕಿದ ವಿಷಯವನ್ನೂ, ಮುಚ್ಚಿದ ಖಾತೆಯ ನೋಂದಣಿ ವಿವರವನ್ನೂ 180 ದಿನ ಉಳಿಸಿಡಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಅದರ ನಂತರ ಸಿಗುತ್ತದೆ ಎಂಬ ಖಾತರಿ ಇಲ್ಲ. "ಓಣಂ ಕಳೆಯಲಿ, ಪರೀಕ್ಷೆ ಮುಗಿಯಲಿ" ಎನ್ನುತ್ತಾ ಆರು ತಿಂಗಳು ದಾಟಿದರೆ, ಮುಖ ಇಲ್ಲದ ಖಾತೆಗೆ ಮುಖ ಹುಡುಕುವುದು ಬಹಳ ಕಷ್ಟ. ಅಲ್ಲಿಯವರೆಗೆ ಇಂಥವನೇ ಇರಬೇಕು ಎಂದು ನೀವು ಯಾರ ಹೆಸರನ್ನೂ ಬರೆಯಬೇಡಿ. ಊಹೆ ತಪ್ಪಾದರೆ ಮಾನನಷ್ಟದ ಕೇಸು ನಿಮ್ಮ ಮೇಲೆ.

ಈಗ ಎದುರಾಳಿಯ ವಿಷಯಕ್ಕೆ ಬರುತ್ತೇನೆ.

ಟೀಚರ ಜೊತೆ ಜಗಳ ಆಡಿದ ಆ ಬರಹಗಾರರಿಗೆ ಇಬ್ಬರಿಗೂ ಪರಿಚಯ ಇದ್ದ ಹಿರಿಯ ಮಾಷ್ಟ್ರೊಬ್ಬರು ಫೋನ್ ಮಾಡಿದರು. ಬರಹಗಾರರ ಮೊದಲ ಮಾತು, "ಅದು ನಾನು ಬರೆದದ್ದಲ್ಲ ಮಾಷ್ಟ್ರೇ, ನನಗೂ ಅದಕ್ಕೂ ಸಂಬಂಧ ಇಲ್ಲ." ಅವರು ಸುಳ್ಳು ಹೇಳಲಿಲ್ಲ. ಬರೆದದ್ದು ಅವರಲ್ಲ, ಬರೆದವನ ಪರಿಚಯವೂ ಅವರಿಗಿರಲಿಲ್ಲ. ಕಾನೂನಿನ ಪ್ರಕಾರ ಅವರ ಮೇಲೆ ಯಾವ ಹೊಣೆಯೂ ಇಲ್ಲ. ಮಾಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಅವನು ಬರೆದದ್ದು ಯಾರ ಪುಟದಲ್ಲಿ? ಯಾರನ್ನು ಮೆಚ್ಚಿಸಲು?"

ಎರಡು ದಿನ ಆ ಕಡೆಯಿಂದ ಸದ್ದಿಲ್ಲ. ಮೂರನೆಯ ದಿನ ಅವರು ತಮ್ಮ ಪುಟದ ಮೇಲ್ಗಡೆ ಒಂದು ಬರಹ ಹಾಕಿದರು. ಅದು ಇಷ್ಟೇ ಇತ್ತು: "ಶಾಲೆಯ ಬಗ್ಗೆ ಟೀಚರ್ ಬರೆದದ್ದನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅವರ ಬಸ್ಸು, ಅವರ ದಾರಿಯ ಬಗ್ಗೆ ಬರೆದವನು ನನ್ನ ಪರ ಅಲ್ಲ. ಆ ಕಮೆಂಟಿನ ಪ್ರತಿಯನ್ನು ಪೊಲೀಸರಿಗೆ ಕೊಟ್ಟಿದ್ದೇನೆ. ಅದಕ್ಕೆ ನಗುವ ಮುಖ ಒತ್ತಿದವರು ನನ್ನ ಬರಹ ಓದುವುದು ಬೇಡ."

ಅದು ಬಂದ ದಿನವೇ ನಗುವ ಮುಖಗಳು ಒಂದೊಂದಾಗಿ ಮಾಯ ಆದವು. ಟೀಚರ ಇನ್‌ಬಾಕ್ಸಿಗೆ ಬರುತ್ತಿದ್ದ ಹೊಲಸು ಮಾತುಗಳು ಆ ವಾರದಲ್ಲೇ ನಿಂತವು. ದೂರಿನ ಕೆಲಸ ಅದರ ವೇಗದಲ್ಲಿ ನಡೆಯಿತು, ಅದನ್ನು ಇಲ್ಲಿ ಬಿಡಿಸಿ ಹೇಳುವುದು ಸರಿಯಲ್ಲ. ಆದರೆ ಹಿಂಡನ್ನು ಚದುರಿಸಿದ್ದು ಆ ನಾಲ್ಕು ಸಾಲು. ಪೊಲೀಸರು ಹೇಳಿದ್ದರೆ ಆ ಜನ ಬೇರೆ ಖಾತೆ ಮಾಡಿಕೊಂಡು ಬರುತ್ತಿದ್ದರು. ಟೀಚರ್ ಹೇಳಿದ್ದರೆ ಇನ್ನಷ್ಟು ನಗುತ್ತಿದ್ದರು. ಅವರು ಯಾರ ಚಪ್ಪಾಳೆಗಾಗಿ ಬರೆದರೋ ಅವರೇ ಬೇಡ ಎಂದಾಗ ಅವರಿಗೆ ನಿಲ್ಲಲು ಜಾಗ ಉಳಿಯಲಿಲ್ಲ.

ಆ ನಾಲ್ಕು ಸಾಲಿನಲ್ಲಿ ಏನಿಲ್ಲ ಎನ್ನುವುದನ್ನೂ ಗಮನಿಸಿ. ಕ್ಷಮೆ ಇಲ್ಲ. ವಾದ ಬಿಟ್ಟುಕೊಟ್ಟಿಲ್ಲ. "ಟೀಚರೂ ಸ್ವಲ್ಪ ಜಾಸ್ತಿ ಬರೆದರು, ಆದರೂ..." ಎಂಬ ಒಗ್ಗರಣೆ ಇಲ್ಲ. ಈ "ಆದರೂ" ಬಹಳ ಕಡೆ ಬರುತ್ತದೆ, ಬಂದರೆ ಇಡೀ ಹೇಳಿಕೆ ಹಾಳಾಗುತ್ತದೆ. ನಿಮ್ಮ ಎದುರಾಳಿಗೆ ಬೆದರಿಕೆ ಬಂದಾಗ ನೀವು ಬರೆಯುವ ಮಾತಿನಲ್ಲಿ ಅವರ ತಪ್ಪಿನ ಲೆಕ್ಕ ಬೇಡ. ಅದನ್ನು ಬೇರೆ ದಿನ ಬರೆಯಬಹುದು.

ಇದು ನಮ್ಮೂರಿಗೆ ಹೊಸ ವಿಷಯ ಅಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿದು, ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಳೆ ಕೇಳುತ್ತಾ ಬೆಳೆದವರು ನಾವು. ಕೃಷ್ಣ ಮತ್ತು ಕೌರವ ಎದುರು ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಹೇಗೆ ಕತ್ತರಿಸುತ್ತಾರೆ! ಒಮ್ಮೊಮ್ಮೆ ಪಾತ್ರ ಬಿಟ್ಟು ಮನುಷ್ಯನ ಮೇಲೆಯೇ ಮಾತು ಹೋಗುತ್ತದೆ. ಆಗ ಪದ್ಯ ಹಾಡುವ ಭಾಗವತರು ಏನು ಮಾಡುತ್ತಾರೆ? ಮುಂದಿನ ಪದ್ಯ ಎತ್ತುತ್ತಾರೆ. ಮದ್ದಳೆ ಶುರುವಾಯಿತೆಂದರೆ ಎಷ್ಟು ದೊಡ್ಡ ಅರ್ಥಧಾರಿಯಾದರೂ ಮಾತು ನಿಲ್ಲಿಸಲೇಬೇಕು. ಇಬ್ಬರಿಗೂ ಅವಮಾನ ಆಗುವುದಿಲ್ಲ, ಪ್ರಸಂಗ ಮುಂದೆ ಹೋಗುತ್ತದೆ. ಜಾಲದಲ್ಲಿ ಆ ಭಾಗವತರು ಇಲ್ಲ. ಗ್ರೂಪಿನಲ್ಲಾದರೆ ಅಡ್ಮಿನ್ ಒಬ್ಬರು ಇರುತ್ತಾರೆ. "ಸದಸ್ಯರು ಬರೆದದ್ದಕ್ಕೆ ನನ್ನ ಮೇಲೆ ಕೇಸು ಬೀಳುತ್ತದಾ?" ಎಂದು ಅವರು ಹೆದರುತ್ತಾರೆ. ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಹೆದರಿಕೆ ಬಿಡಿ, ಕೆಲಸ ಮಾಡಿ. ಬೆದರಿಕೆ ಕಂಡರೆ ಮೊದಲು ಪ್ರತಿ ತೆಗೆದಿಡಿ, ಆಮೇಲೆ ಅಳಿಸಿ. ಮೊದಲೇ ಅಳಿಸಿದರೆ ಬೆದರಿಕೆ ಬಂದವರ ಸಾಕ್ಷಿಯನ್ನೇ ನೀವು ಅಳಿಸಿದ ಹಾಗೆ.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ, ಹಳೆಯದು. 2007ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಕ್ಯಾಥಿ ಸಿಯೆರಾ ಎಂಬ ತಂತ್ರಜ್ಞಾನ ಬರಹಗಾರ್ತಿಗೆ ಕೊಲೆ ಬೆದರಿಕೆಗಳು ಬಂದವು. ಸ್ಯಾನ್ ಡಿಯಾಗೋದಲ್ಲಿ ಮಾಡಬೇಕಿದ್ದ ಭಾಷಣವನ್ನು ರದ್ದು ಮಾಡಿ ಅವರು ಮನೆಯಲ್ಲೇ ಉಳಿದರು. ಅವರನ್ನು ಹೀಯಾಳಿಸಿದ ತಾಣಗಳ ಜೊತೆ ಸಂಬಂಧ ಇದ್ದ ಕೆಲವು ಹೆಸರಾಂತ ಬ್ಲಾಗರುಗಳ ಹೆಸರನ್ನು ಅವರು ಬರೆದರು. ಬೆದರಿಕೆ ನಾವು ಬರೆದದ್ದಲ್ಲ ಎಂದು ಆ ಬ್ಲಾಗರುಗಳು ಹೇಳಿದರು. ಅಲ್ಲಿನ ಬರಹಗಾರರ ಲೋಕವೇ ಎರಡು ಪಾಲಾಯಿತು. ಆಮೇಲೆ ಸಿಯೆರಾ ಮತ್ತು ಆ ಕಡೆಯ ಕ್ರಿಸ್ ಲಾಕ್ ಫೋನಿನಲ್ಲಿ ಮಾತಾಡಿಕೊಂಡು, ಇಬ್ಬರೂ ಒಟ್ಟಿಗೆ ಹೇಳಿಕೆ ಹೊರಡಿಸಿದರು. ಅದೇ ಹೊತ್ತಿಗೆ ತಂತ್ರಜ್ಞಾನ ಪುಸ್ತಕಗಳ ಪ್ರಕಾಶಕ ಟಿಮ್ ಓರೈಲಿ ಬ್ಲಾಗರುಗಳಿಗೆ ಒಂದು ನೀತಿಸಂಹಿತೆ ಬೇಕು ಎಂದರು, ಅದನ್ನು ತುಂಬ ಜನ ವಿರೋಧಿಸಿದರು, ಅದು ನಿಲ್ಲಲಿಲ್ಲ. ಆದರೆ ಸಿಯೆರಾ ತಮ್ಮ ಬ್ಲಾಗ್ ನಿಲ್ಲಿಸಿದರು. ಅವರ ಮನೆಯ ವಿಳಾಸವೂ ಜಾಲದಲ್ಲಿ ಹರಡಿತ್ತು. ಅಂದರೆ ಒಟ್ಟು ಹೇಳಿಕೆ ಬರುವಷ್ಟರಲ್ಲಿ ತಡ ಆಗಿತ್ತು. ಇಂಗ್ಲಿಷಿನಲ್ಲಿ ಒಬ್ಬರು ಬರೆಯುವುದು ನಿಲ್ಲಿಸಿದರೆ ಆ ಜಾಗಕ್ಕೆ ಸಾವಿರ ಜನ ಬರಬಹುದು. ಪೆರ್ಲದಲ್ಲೋ ಮುಳ್ಳೇರಿಯಾದಲ್ಲೋ ಕನ್ನಡದಲ್ಲಿ ಬರೆಯುವ ಒಬ್ಬ ಹೆಣ್ಣುಮಗಳು ಹೆದರಿ ನಿಲ್ಲಿಸಿದರೆ ಅವಳ ಶಾಲೆ, ಅವಳ ತೋಟ, ಅವಳ ಬಸ್ಸಿನ ಬಗ್ಗೆ ಕನ್ನಡದಲ್ಲಿ ಇನ್ಯಾರೂ ಬರೆಯುವುದಿಲ್ಲ.

ಕೊನೆಗೆ, ನನ್ನಲ್ಲಿಗೆ ಬರುವ ಇನ್ನೊಂದು ಬಗೆಯ ಜನರ ಬಗ್ಗೆ. "ಅವನು ನನ್ನ ಬರಹವನ್ನು ಕಸ ಎಂದ, ಕೇಸು ಹಾಕಬೇಕು" ಎನ್ನುತ್ತಾರೆ. ನಾನು ಹಾಕುವುದಿಲ್ಲ. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಇಬ್ಬರು ಹುಡುಗಿಯರನ್ನು ಬಂಧಿಸಿದ್ದು ನೆನಪಿದೆಯಾ? ಕಿರಿಕಿರಿ ತರುವ ಮೆಸೇಜಿಗೂ ಬಂಧಿಸಲು ಅವಕಾಶ ಕೊಟ್ಟಿದ್ದ ಐಟಿ ಕಾಯ್ದೆಯ 66ಎ ಅದರ ನಂತರವೇ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿದರು. ಅದೇ ತೀರ್ಪಿನಲ್ಲಿ ನಮ್ಮ ಕೇರಳ ಪೊಲೀಸ್ ಕಾಯ್ದೆಯ ಅಂಥದ್ದೇ 118(ಡಿ) ಕೂಡ ಹೋಯಿತು. 2020ರ ನವೆಂಬರಿನಲ್ಲಿ ಕೇರಳ ಸರಕಾರ 118ಎ ಎಂದು ಮತ್ತೊಂದನ್ನು ಸುಗ್ರೀವಾಜ್ಞೆಯಲ್ಲಿ ತಂದು, ಜನ ಎದ್ದು ನಿಂತ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡಿತು. ಇಂಥ ಕಾಯ್ದೆಗಳಲ್ಲಿ ಮೊದಲು ಸಿಕ್ಕಿಬೀಳುವವರು ಬರೆಯುವವರೇ. ಹೀಯಾಳಿಕೆ ನೋವು ಕೊಡುತ್ತದೆ, ನನಗೆ ಗೊತ್ತು. ಅದಕ್ಕೆ ಉತ್ತರ ಬರೆಯಿರಿ, ಅಥವಾ ಮ್ಯೂಟ್ ಮಾಡಿ. ಸುಳ್ಳು ಹೇಳಿ ನಿಮ್ಮ ಹೆಸರು ಕೆಡಿಸಿದ್ದರೆ ಮಾನನಷ್ಟದ ದಾರಿ ಉಂಟು. ಅದಕ್ಕೆ ಠಾಣೆಯಲ್ಲ, ಮ್ಯಾಜಿಸ್ಟ್ರೇಟರ ಕೋರ್ಟು. ಪರಿಹಾರ ಬೇಕು ಎಂದು ಸಿವಿಲ್ ದಾವೆ ಹಾಕುವುದಾದರೆ ಒಂದು ವರ್ಷದೊಳಗೆ. ಬೆದರಿಕೆಯ ದೂರಿಗೆ ಬೆಲೆ ಉಳಿಯಬೇಕಾದರೆ ಟೀಕೆಯನ್ನೆಲ್ಲ ಠಾಣೆಗೆ ಒಯ್ಯಬಾರದು.

ರಾಜಿಯ ಬಗ್ಗೆಯೂ ಕೇಳಿದ್ದೀರಿ. ನಮ್ಮ ಕಡೆ ಎಲ್ಲದಕ್ಕೂ ರಾಜಿ ಉಂಟು. ಹಿರಿಯರೊಬ್ಬರ ಮನೆ ಜಗಲಿ, ಒಂದು ಲೋಟ ಬೆಲ್ಲದ ಕಾಫಿ, "ಬಿಟ್ಟುಬಿಡಿ ಮಾರಾಯ್ರೇ, ನಾಳೆ ಮದುವೆಯಲ್ಲಿ ಮುಖ ನೋಡಬೇಕಲ್ವಾ" ಎಂಬ ಮಾತು. ಬರಹಗಾರರ ಜಗಳ ಹಾಗೆ ಮುಗಿದರೆ ಒಳ್ಳೆಯದೇ. ಬೆದರಿಸಿದವನು ಸಿಕ್ಕಿ, ಅವನ ಮನೆಯವರು ರಾಜಿಗೆ ಬಂದರೆ ಮಾತ್ರ ನೀವು ಒಬ್ಬರೇ ಹೋಗಬೇಡಿ. ಹೆಂಗಸರ ಕಡೆಯಿಂದ ಗಂಡನೋ ಅಣ್ಣನೋ ಮಾತಾಡಿ ಮುಗಿಸಿ ಬರುವುದೂ ಬೇಡ. ಹೆದರಿದ್ದು ಅವರು, ಕೂತು ಮಾತಾಡಬೇಕಾದದ್ದೂ ಅವರೇ. ಬರೆದದ್ದನ್ನು ಯಾವ ಖಾತೆಯಿಂದ ಬರೆದನೋ ಅದೇ ಖಾತೆಯಿಂದ, ಅದೇ ಜನರಿಗೆ ಕಾಣುವ ಹಾಗೆ, ತಪ್ಪು ಎಂದು ಅವನು ಹೇಳಬೇಕು. ಜಗಲಿಯಲ್ಲಿ ತಲೆ ತಗ್ಗಿಸಿ ಕೂತರೆ ಸಾಲದು, ನಕ್ಕ ಇಪ್ಪತ್ತು ಜನ ಜಗಲಿಯಲ್ಲಿ ಇರಲಿಲ್ಲ. ಮತ್ತೆ ಆಗುವುದಿಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಪೊಲೀಸ್ ದೂರು ಇದ್ದರೆ ವಕೀಲರ ಹತ್ತಿರ ಕೇಳದೆ ಅದನ್ನು ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಜಗಲಿಯಲ್ಲೇ ಮಾತು ಕೊಡಬೇಡಿ. ಟೀಚರ ವಿಷಯದಲ್ಲೂ ಒಮ್ಮೆ ಹಾಗೆ ಕರೆ ಬಂತು. ಅವರು ಹೋದರು, ಹೆಡ್ಮಾಷ್ಟ್ರನ್ನೂ ಆ ಎದುರಾಳಿ ಬರಹಗಾರರನ್ನೂ ಜೊತೆಗೆ ಕರೆದುಕೊಂಡು.